ವಾರ್ಡಿನಲ್ಲಿ ನುಂಗಿದ್ದು, ಹಾಸ್ಟೆಲಿನಲ್ಲಿ ಮೆಲುಕು: ನರ್ಸಿಂಗ್ ಕಲಿಕೆಗೆ ಡಿಜಿಟಲ್ ಪೋರ್ಟ್‌ಫೋಲಿಯೊ ಯಾಕೆ ಬೇಕು

ಲಾಗ್‌ಬುಕ್ ಅಂದ ತಕ್ಷಣ ನರ್ಸಿಂಗ್ ಓದಿದವರ ಕಣ್ಮುಂದೆ ಒಂದು ದೃಶ್ಯ ಬರುತ್ತದೆ. ಪೋಸ್ಟಿಂಗ್‌ನ ಕೊನೆಯ ದಿನ. ನರ್ಸಿಂಗ್ ಸ್ಟೇಷನ್ ಮುಂದೆ ಹತ್ತು ಹುಡುಗಿಯರು, ಇಬ್ಬರು ಹುಡುಗರು, ಎಲ್ಲರ ಕೈಯಲ್ಲೂ ರಟ್ಟಿನ ಪುಸ್ತಕ. ಇನ್‌ಚಾರ್ಜ್ ಸಿಸ್ಟರ್ ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಾ ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತಾ ಹೋಗುತ್ತಾರೆ. ಬಿಪಿ ನೋಡಿದ್ದು ಇಪ್ಪತ್ತು, ಇಂಜೆಕ್ಷನ್ ಕೊಟ್ಟಿದ್ದು ಹತ್ತು, ಕ್ಯಾತಿಟರ್ ಹಾಕಿದ್ದು ಎರಡು, ಹಾಕುವುದನ್ನು ನೋಡಿದ್ದು ಐದು. ಒಂದು ತಿಂಗಳ ಕಲಿಕೆಗೆ ಹದಿನೈದು ನಿಮಿಷದಲ್ಲಿ ಮುದ್ರೆ ಬಿತ್ತು.

ನಾನೂ ಹಾಗೆ ಸಾಲಿನಲ್ಲಿ ನಿಂತು ಸಹಿ ಹಾಕಿಸಿಕೊಂಡವಳೇ. ಆಮೇಲೆ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿ ಹಾಗೇ ಸಹಿ ಹಾಕಿಯೂ ಇದ್ದೇನೆ. ಹಾಗಾಗಿ ಬೈಯುವ ಹಕ್ಕು ನನಗೆ ಜಾಸ್ತಿ ಇಲ್ಲ. ಲಾಗ್‌ಬುಕ್ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಎಷ್ಟು ಸಲ ಮಾಡಿದಳು ಅನ್ನೋ ಲೆಕ್ಕ ಬೇಕೇ ಬೇಕು. ಆದರೆ ಹತ್ತು ಇಂಜೆಕ್ಷನ್ ಕೊಟ್ಟವಳಿಗೆ ಮೊದಲನೆಯದಕ್ಕೂ ಹತ್ತನೆಯದಕ್ಕೂ ನಡುವೆ ಏನು ಗೊತ್ತಾಯ್ತು? ಅದು ಆ ಪುಸ್ತಕದ ಯಾವ ಕಾಲಂನಲ್ಲೂ ಇರುವುದಿಲ್ಲ. ಈ ಲೇಖನ ಆ ಇಲ್ಲದ ಕಾಲಂ ಬಗ್ಗೆ.

ಒಂದು ಬೆಳಿಗ್ಗೆ, ಒಂದು ಇನ್ಸುಲಿನ್

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಎರಡನೇ ವರ್ಷದ ವಿದ್ಯಾರ್ಥಿನಿ, ಮೆಡಿಕಲ್ ವಾರ್ಡ್. ಹೆಸರು, ಊರು ಹೇಳುವುದಿಲ್ಲ. ಅವಳ ಒಪ್ಪಿಗೆ ಕೇಳಿ, ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಸಕ್ಕರೆ ಕಾಯಿಲೆ ಇರುವ ಒಬ್ಬ ಅಜ್ಜನಿಗೆ ತಿಂಡಿಗೆ ಮುಂಚೆ ಪ್ಲೇನ್ ಇನ್ಸುಲಿನ್ (ಬೇಗ ಕೆಲಸ ಶುರು ಮಾಡುವ ಬಗೆ) ಕೊಡಬೇಕು ಅಂತ ಚಾರ್ಟ್‌ನಲ್ಲಿ ಇತ್ತು. ಸಾಮಾನ್ಯವಾಗಿ ಇದನ್ನು ಊಟ ತಿಂಡಿಗೆ ಅರ್ಧ ಗಂಟೆ ಮುಂಚೆ ಚರ್ಮದ ಕೆಳಗೆ ಕೊಡುತ್ತಾರೆ. ಅವಳು ಸ್ಟಾಫ್ ಸಿಸ್ಟರ್ ಎದುರಿಗೇ ಕೊಟ್ಟಳು. ಡೋಸ್ ಸರಿ, ಜಾಗ ಸರಿ, ಸೂಜಿ ಹಿಡಿದ ಕೋನವೂ ಸರಿ. ಎಂಟು ಗಂಟೆ ಹೊತ್ತಿಗೆ ಪಕ್ಕದ ಹಾಸಿಗೆಯ ಬೆಡ್‌ಶೀಟ್ ಬದಲಿಸುತ್ತಿದ್ದಾಗ ಅಜ್ಜನ ಹಣೆ ಮೇಲೆ ಬೆವರು ಕಂಡಿತು. ಫ್ಯಾನ್ ತಿರುಗುತ್ತಿತ್ತು, ಬೆವರುವ ಸೆಕೆಯೇನೂ ಇರಲಿಲ್ಲ. ಕೈ ಮುಟ್ಟಿದಳು, ತಣ್ಣಗಿತ್ತು, ನಡುಗುತ್ತಿತ್ತು. ಗ್ಲುಕೋಮೀಟರ್ ತಂದು ನೋಡಿದರೆ 58. ಎಪ್ಪತ್ತಕ್ಕಿಂತ ಕಡಿಮೆ ಅಂದರೆ ಸಕ್ಕರೆ ಇಳಿದಿದೆ, ಅಂದರೆ ಹೈಪೋಗ್ಲೈಸೀಮಿಯಾ, ಅಂತ ಅರ್ಥ. ಸಿಸ್ಟರನ್ನು ಕೂಗಿದಳು. ಅಜ್ಜನಿಗೆ ಎಚ್ಚರ ಇತ್ತು, ನುಂಗಲು ಆಗುತ್ತಿತ್ತು. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಏರಿತ್ತು. ಅಷ್ಟರಲ್ಲಿ ತಿಂಡಿ ಗಾಡಿಯೂ ಬಂತು. ಅಜ್ಜ ಇಡ್ಲಿ ತಿಂದು, "ತಂಗಿ, ನೀ ನೋಡದಿದ್ರೆ ಹೋಗೇ ಬಿಡ್ತಿದ್ದೆ ನೋಡು" ಅಂತ ನಕ್ಕರು.

ಲಾಗ್‌ಬುಕ್‌ನಲ್ಲಿ ಈ ಇಡೀ ಬೆಳಿಗ್ಗೆ ಒಂದೇ ಸಾಲು: ಇನ್ಸುಲಿನ್ ಇಂಜೆಕ್ಷನ್, ಸಂಖ್ಯೆ 4, ಸಹಿ.

ಆ ವರ್ಷ ನಾವು ಒಂದು ಬ್ಯಾಚ್‌ಗೆ ಡಿಜಿಟಲ್ ಪೋರ್ಟ್‌ಫೋಲಿಯೊ, ಅಂದರೆ ತಮ್ಮ ಕಲಿಕೆಯ ದಾಖಲೆ, ಬರಹಗಳನ್ನು ಆನ್‌ಲೈನಿನಲ್ಲಿ ಇಟ್ಟುಕೊಳ್ಳುವ ಕಡತ, ಶುರು ಮಾಡಿದ್ದೆವು. ವಾರಕ್ಕೆ ಒಂದು ಬರಹ ಹಾಕಬೇಕು. ಅವಳು ಅಂದು ರಾತ್ರಿ ಹಾಸ್ಟೆಲಿನಿಂದ ಹಾಕಿದ್ದು ಇಂಗ್ಲಿಷಿನಲ್ಲಿ, ಮೂರು ಸಾಲು. ಕನ್ನಡದಲ್ಲಿ ಹೇಳಿದರೆ ಹೀಗೆ: "ತಿಂಡಿ ತಡವಾಗಿ ಬಂದ ಕಾರಣ ರೋಗಿಗೆ ಹೈಪೋಗ್ಲೈಸೀಮಿಯಾ ಆಯಿತು. ಪ್ರೊಟೊಕಾಲ್ ಪ್ರಕಾರ ನಿಭಾಯಿಸಲಾಯಿತು. ಇದರಿಂದ ನನಗೆ ಬಹಳಷ್ಟು ಕಲಿಯಲು ಅವಕಾಶ ಸಿಕ್ಕಿತು."

ಈ ಮೂರು ಸಾಲನ್ನು ನೆನಪಿಟ್ಟುಕೊಳ್ಳಿ. ಆಯಿತು, ನಿಭಾಯಿಸಲಾಯಿತು, ಸಿಕ್ಕಿತು. ಎಲ್ಲವೂ ತಾವಾಗಿಯೇ ಆಗಿವೆ. "ನಾನು" ಅನ್ನುವವಳು ಎಲ್ಲೂ ಇಲ್ಲ.

ಮೆಲುಕು ಅನ್ನೋ ಪದ

ಇಂಥ ಬರವಣಿಗೆಗೆ ಪಠ್ಯಗಳಲ್ಲಿ "ಪ್ರತಿಫಲನಾತ್ಮಕ ಕಲಿಕೆ" ಅಂತ ಬರೆಯುತ್ತಾರೆ. ಓದಿದರೆ ಕನ್ನಡಿ, ಬೆಳಕಿನ ಕಿರಣ, ಹೈಸ್ಕೂಲಿನ ವಿಜ್ಞಾನ ನೆನಪಾಗುತ್ತದೆ. ನಾನು ತರಗತಿಯಲ್ಲಿ ಮೆಲುಕು ಅನ್ನುತ್ತೇನೆ. ಹಸು ಬಯಲಲ್ಲಿ ಸಿಕ್ಕಿದ್ದನ್ನೆಲ್ಲ ಗಬಗಬ ನುಂಗುತ್ತದೆ, ಕೊಟ್ಟಿಗೆಗೆ ಬಂದು ಮಲಗಿದ ಮೇಲೆ ಒಂದೊಂದೇ ತುತ್ತು ಬಾಯಿಗೆ ತಂದು ಅಗಿಯುತ್ತದೆ. ವಾರ್ಡಿನಲ್ಲೂ ಹಾಗೇ. ಅಲ್ಲಿ ನುಂಗಲು ಮಾತ್ರ ಸಮಯ. ನಾವು ಮಾತಿನಲ್ಲಿ ಸಿಹಿ ನೆನಪನ್ನಷ್ಟೇ ಮೆಲುಕು ಹಾಕುತ್ತೇವೆ. ಹಸುವಿಗೆ ಆ ಭೇದ ಇಲ್ಲ, ಕಹಿ ಸೊಪ್ಪೂ ಒಟ್ಟಿಗೇ ಬರುತ್ತದೆ.

ಈ ವಿಚಾರವನ್ನು ವೃತ್ತಿ ಶಿಕ್ಷಣಕ್ಕೆ ಗಟ್ಟಿಯಾಗಿ ತಂದವರಲ್ಲಿ ಅಮೆರಿಕದ ಡೊನಾಲ್ಡ್ ಶೋನ್ ಮುಖ್ಯರು. 1983ರಲ್ಲಿ ಅವರು ಎರಡು ಬಗೆಯ ಯೋಚನೆಯನ್ನು ಬೇರೆ ಮಾಡಿ ತೋರಿಸಿದರು. ಒಂದು, ಕೆಲಸ ಮಾಡುತ್ತಿರುವಾಗಲೇ ನಡೆಯುವುದು. ಬೆಡ್‌ಶೀಟ್ ಎಳೆಯುತ್ತಾ ಇದ್ದವಳಿಗೆ "ಈ ಬೆವರು ಸರಿ ಇಲ್ಲ" ಅನ್ನಿಸಿತಲ್ಲ, ಅದು. ಇನ್ನೊಂದು, ಕೆಲಸ ಮುಗಿದ ಮೇಲೆ ಅದರ ಬಗ್ಗೆ ಕೂತು ಮಾಡುವುದು. ಮೊದಲನೆಯದನ್ನು ನೇರವಾಗಿ ಪಾಠ ಮಾಡಿ ಕಲಿಸುವುದು ಕಷ್ಟ. ಎರಡನೆಯದನ್ನು ಅಭ್ಯಾಸ ಮಾಡಿಸಬಹುದು. ಅದು ಬೆಳೆದಂತೆ ಮೊದಲನೆಯದೂ ಚುರುಕಾಗುತ್ತದೆ ಅನ್ನುವುದೇ ಈ ಇಡೀ ಪದ್ಧತಿಯ ಹಿಂದಿನ ನಂಬಿಕೆ.

ಬರೆಯಲು ಒಂದು ಚೌಕಟ್ಟು ಬೇಕಲ್ಲ. ನರ್ಸಿಂಗ್‌ನಲ್ಲಿ ಎಲ್ಲರೂ ಕೇಳಿರುವುದು ಗಿಬ್ಸ್ ಚಕ್ರ. ಇಂಗ್ಲೆಂಡಿನ ಗ್ರಹಾಂ ಗಿಬ್ಸ್ 1988ರಲ್ಲಿ ಇದನ್ನು ಕೊಟ್ಟದ್ದು ನರ್ಸ್‌ಗಳಿಗೆ ಅಂತಲೇ ಏನಲ್ಲ, ಸಾಮಾನ್ಯವಾಗಿ ಕಾಲೇಜು ಮೇಷ್ಟ್ರುಗಳಿಗೆ. ನರ್ಸಿಂಗ್‌ನವರು ಅದನ್ನು ಸ್ವಂತ ಮಾಡಿಕೊಂಡರು. ಏನಾಯಿತು, ಆಗ ಏನನ್ನಿಸಿತು, ಅದರಲ್ಲಿ ಚೆನ್ನಾಗಿದ್ದದ್ದು ಕೆಟ್ಟದ್ದು ಯಾವುದು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ಆರು ಮೆಟ್ಟಿಲು. ಪರೀಕ್ಷೆಗೆ ಚಿತ್ರ ಬಿಡಿಸಲು ಚೆನ್ನಾಗಿದೆ. ಆದರೆ ಎರಡನೇ ವರ್ಷದವರ ಕೈಗೆ ಕೊಟ್ಟರೆ ಆರು ತಲೆಬರಹ ಬರೆದು ಪ್ರತಿಯೊಂದರ ಕೆಳಗೂ ಒಂದೊಂದು ಸಾಲು ತುಂಬಿಸಿಬಿಡುತ್ತಾರೆ. ನನಗೆ ಇನ್ನೊಂದು ಚೌಕಟ್ಟು ಇಷ್ಟ. ಅಮೆರಿಕದ ಟೆರ್ರಿ ಬೋರ್ಟನ್ 1970ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳನ್ನು ಬ್ರಿಟನ್ನಿನ ಜಾನ್ ಡ್ರಿಸ್ಕಾಲ್ ಆಮೇಲೆ ನರ್ಸಿಂಗ್‌ಗೆ ಹೊಂದಿಸಿದರು. ನಮ್ಮ ಮಾತಿನಲ್ಲಿ ಹೇಳಿದರೆ: ಏನಾಯ್ತು? ಆದ್ರೇನೀಗ? ಇನ್ನು ಮುಂದೆ? ಮಧ್ಯದ್ದೇ ಕಷ್ಟದ್ದು. ಮೊದಲನೆಯದಕ್ಕೆ ಎಲ್ಲರೂ ಉದ್ದ ಬರೆಯುತ್ತಾರೆ, ಮೂರನೆಯದಕ್ಕೆ "ಇನ್ನು ಮುಂದೆ ಹುಷಾರಾಗಿರುತ್ತೇನೆ" ಅಂತ ಮುಗಿಸುತ್ತಾರೆ. ಯಾವುದರಲ್ಲಿ ಹುಷಾರು ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಜಗುಲಿ, ನಡುಮನೆ, ಅಡುಗೆಮನೆ

ಪೋರ್ಟ್‌ಫೋಲಿಯೊ ಅನ್ನುವುದು ಮೂಲದಲ್ಲಿ ಚಿತ್ರಕಾರರು, ಆರ್ಕಿಟೆಕ್ಟ್‌ಗಳು ತಮ್ಮ ಕೆಲಸದ ಹಾಳೆಗಳನ್ನು ಹಾಕಿಕೊಂಡು ಓಡಾಡುವ ಚೀಲ. ನರ್ಸಿಂಗ್ ವಿದ್ಯಾರ್ಥಿಯ ಡಿಜಿಟಲ್ ಚೀಲದಲ್ಲಿ ಏನಿರುತ್ತದೆ? ಮಾಡಿದ ಪ್ರೊಸೀಜರ್‌ಗಳ ಲೆಕ್ಕ, ಕೇರ್ ಪ್ಲ್ಯಾನ್ (ರೋಗಿಯ ಆರೈಕೆಯ ಯೋಜನೆ), ಡ್ರಗ್ ಬುಕ್ (ಔಷಧಿಗಳ ಟಿಪ್ಪಣಿ), ಬಿಎಲ್‌ಎಸ್ (ಹೃದಯ, ಉಸಿರು ನಿಂತಾಗ ಮಾಡುವ ತುರ್ತು ಉಪಚಾರ) ತರಬೇತಿಯ ಸರ್ಟಿಫಿಕೇಟ್, ಇನ್‌ಚಾರ್ಜ್ ಸಿಸ್ಟರ್ ಹೇಳಿದ ಅಭಿಪ್ರಾಯ, ಜೊತೆಗೆ ಈ ಮೆಲುಕಿನ ಬರಹಗಳು.

ಇವೆಲ್ಲ ಒಂದೇ ಕಡೆ ಇದ್ದರೆ ಸಾಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲೇ ಎಡವುವುದು. ಹಳೇ ಕಾಲದ ಮನೆ ನೆನಪು ಮಾಡಿಕೊಳ್ಳಿ. ಜಗುಲಿ ಯಾರು ಬಂದರೂ ಕೂರುವ ಜಾಗ. ನಡುಮನೆಗೆ ನೆಂಟರು, ಬೇಕಾದವರು ಬರುತ್ತಾರೆ. ಅಡುಗೆಮನೆಗೆ ಮನೆಯವರು ಮಾತ್ರ. ಪೋರ್ಟ್‌ಫೋಲಿಯೊಗೂ ಈ ಮೂರು ಕೋಣೆ ಬೇಕು. ಸರ್ಟಿಫಿಕೇಟ್, ಚೆನ್ನಾಗಿ ಬಂದ ಕೇರ್ ಪ್ಲ್ಯಾನ್ ಜಗುಲಿಯಲ್ಲಿ ಇರಲಿ, ಕೆಲಸ ಕೊಡುವವರು ನೋಡಲಿ. ಟೀಚರ್ ಜೊತೆ ಮಾತಾಡುವ ಬರಹ ನಡುಮನೆಯಲ್ಲಿ. ಇನ್ನೂ ಯಾರಿಗೂ ತೋರಿಸಲು ಧೈರ್ಯ ಇಲ್ಲದ್ದು ಅಡುಗೆಮನೆಯಲ್ಲಿ, ಬೀಗ ಹಾಕಿ. ಯಾವ ಪುಟ ಯಾವ ಕೋಣೆಗೆ ಹೋಗಬೇಕು ಅಂತ ತೀರ್ಮಾನಿಸುವುದು ವಿದ್ಯಾರ್ಥಿ. ಇದೊಂದು ಅಧಿಕಾರ ಅವಳ ಕೈಯಲ್ಲಿ ಇಲ್ಲದಿದ್ದರೆ ಮೂರೂ ಕೋಣೆ ಜಗುಲಿಯೇ ಆಗಿಬಿಡುತ್ತವೆ. ಎಲ್ಲರೂ ಪೌಡರ್ ಹಾಕಿಕೊಂಡೇ ಬಂದು ಕೂರುತ್ತಾರೆ.

ಇದಕ್ಕೆಂದೇ ಮಾಡಿದ ತಂತ್ರಾಂಶಗಳಿವೆ. ಮಹರಾ ಅನ್ನುವುದು 2006ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಯೋಚನೆ, ನೆನಪು ಎಂಬ ಅರ್ಥ ಇದೆ. ಒಂದೊಂದು ಪುಟವನ್ನೂ ಯಾರು ನೋಡಬಹುದು, ಯಾವ ದಿನದವರೆಗೆ ನೋಡಬಹುದು ಅಂತ ವಿದ್ಯಾರ್ಥಿಯೇ ಗುರುತು ಹಾಕಬಹುದು. ಆನ್‌ಲೈನ್ ಪಾಠಕ್ಕೆ ಮೂಡಲ್ ಅನ್ನೋ ತಂತ್ರಾಂಶ ಬಳಸುವ ಕಾಲೇಜುಗಳು ಇದನ್ನು ಅದಕ್ಕೇ ಜೋಡಿಸಿಕೊಳ್ಳಬಹುದು. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಪೆಬಲ್‌ಪ್ಯಾಡ್ ಬಳಸುತ್ತವೆ, ಅದಕ್ಕೆ ದುಡ್ಡು ಕೊಡಬೇಕು. ನಾವು ಶುರು ಮಾಡಿದ್ದು ಸುಮ್ನೆ ಗೂಗಲ್ ಡ್ರೈವ್‌ನಲ್ಲಿ: ಒಬ್ಬೊಬ್ಬರಿಗೆ ಒಂದು ಫೋಲ್ಡರ್, ಅದರೊಳಗೆ ಮೂರು ಫೋಲ್ಡರ್. ಚೆಂದ ಏನಿಲ್ಲ, ಕೆಲಸ ನಡೆಯುತ್ತದೆ.

ಕಾಗದದಲ್ಲಿ ಆಗದ್ದು ಏನು?

ಡೈರಿಯಲ್ಲಿ ಬರೆದರೆ ಸಾಲದಾ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬರೆಯುವುದಕ್ಕೆ ಡೈರಿ ಸಾಕು. ಆದರೆ ಡೈರಿ ಟೀಚರ್ ಕೈಗೆ ಬರುವುದು ತಿಂಗಳ ಕೊನೆಗೆ, ಅರವತ್ತು ಡೈರಿ ಒಟ್ಟಿಗೆ. ಅಷ್ಟರಲ್ಲಿ ಆ ಬೆವರು, ಆ ನಡುಕ, ಎಲ್ಲ ಆರಿಹೋಗಿರುತ್ತದೆ. ನಮ್ಮ ವಿದ್ಯಾರ್ಥಿನಿಯ ಮೂರು ಸಾಲನ್ನು ನಾನು ಮರುದಿನ ಸಂಜೆ ನೋಡಿದೆ. ಪಕ್ಕದಲ್ಲಿ ಒಂದು ಪ್ರಶ್ನೆ ಬರೆದೆ: "ಇನ್ಸುಲಿನ್ ಕೊಡುವ ಮುಂಚೆ ಏನೇನು ನೋಡಿದಿರಿ?"

"ಹೆಸರು, ಚಾರ್ಟ್, ಡೋಸ್, ಸಕ್ಕರೆ ಎಷ್ಟಿದೆ ಅಂತ ನೋಡಿದೆ ಮೇಡಂ."

"ತಟ್ಟೆ?"

ಅದಕ್ಕೆ ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಒಂದು ಆಡಿಯೊ ಬಂತು, ಬಸ್ಸಿನ ಸದ್ದಿನ ಮಧ್ಯೆ, ಕನ್ನಡದಲ್ಲಿ. "ಮೇಡಂ, ತಟ್ಟೆ ನೋಡಿಲ್ಲ. ಅಜ್ಜನ ಮಗ ಹೊರಗಡೆ ತಿಂಡಿ ತರ್ತೀನಿ ಅಂತ ಹೋಗಿದ್ರೋ, ಆಸ್ಪತ್ರೆದೇ ತಿಂತಿದ್ರೋ, ಅದೂ ಕೇಳಿಲ್ಲ. ನಂಗೆ ಸೂಜಿ ಸರಿಯಾಗಿ ಹೋಗ್ಬೇಕು ಅನ್ನೋದೊಂದೇ ತಲೇಲಿ ಇತ್ತು. 58 ಅಂತ ನೋಡಿದಾಗ ಕೈ ಕಾಲು ಬಿದ್ದೋಯ್ತು. ಸಿಸ್ಟರ್ ಬೈತಾರೆ ಅನ್ನೋ ಭಯ ಮೊದ್ಲು ಬಂತು, ಅಜ್ಜಂಗೆ ಏನಾಗುತ್ತೆ ಅನ್ನೋದು ಆಮೇಲೆ ಬಂತು. ಅದು ನೆನೆಸ್ಕೊಂಡ್ರೆ ಬೇಜಾರಾಗುತ್ತೆ."

ಆ ಮೂರು ಸಾಲಿಗೂ ಈ ಅರ್ಧ ನಿಮಿಷದ ಆಡಿಯೊಗೂ ಎಷ್ಟು ದೂರ ನೋಡಿ. ನಾನು ಒಂದು ಪಾಠವನ್ನೂ ಮಾಡಿರಲಿಲ್ಲ. ಎರಡು ಪ್ರಶ್ನೆ ಕೇಳಿದ್ದೆ, ಅದೂ ನೆನಪು ಹಸಿಯಾಗಿದ್ದಾಗ. ಡಿಜಿಟಲ್‌ನ ನಿಜವಾದ ಉಪಯೋಗ ಇಷ್ಟೇ ಅಂತ ನನ್ನ ಅನಿಸಿಕೆ: ಟೀಚರಿನ ಪ್ರಶ್ನೆ ಬೇಗ ತಲುಪುತ್ತದೆ, ಉತ್ತರ ಯಾವ ರೂಪದಲ್ಲಾದರೂ ಬರಬಹುದು, ಮತ್ತು ಎರಡೂ ಅಲ್ಲೇ ಉಳಿಯುತ್ತವೆ. ಅಲ್ಲಿ ಓದುವವರು ಯಾರೂ ಇಲ್ಲದಿದ್ದರೆ ಅತಿ ದುಬಾರಿ ತಂತ್ರಾಂಶವೂ ಅಟ್ಟದ ಮೇಲಿನ ಟ್ರಂಕ್.

ಭಾಷೆಯ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಬಿಎಸ್‌ಸಿ ನರ್ಸಿಂಗ್ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷ್. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಒಂದು ಕೇರ್ ಪ್ಲ್ಯಾನ್ ಬರೆಯುವುದು ಅಭ್ಯಾಸ ಆಗುತ್ತದೆ, ಅದಕ್ಕೆ ಸಿದ್ಧ ವಾಕ್ಯಗಳಿವೆ. ಆದರೆ "ಅಜ್ಜನಿಗಿಂತ ಮುಂಚೆ ನನ್ನ ಭಯ ಬಂತು" ಅನ್ನೋದಕ್ಕೆ ಅವರ ಬಳಿ ಸಿದ್ಧ ಇಂಗ್ಲಿಷ್ ಇಲ್ಲ. ಆಗ ಕೈಗೆ ಸಿಗುವ ಸರ್ಕಾರಿ ಕಾಗದದಂಥ ವಾಕ್ಯ ಬಂದು ಕೂರುತ್ತದೆ. ಕನ್ನಡದಲ್ಲೂ ಆ ಕಾಯಿಲೆ ಇದೆ. ನೀಡಲಾಯಿತು, ಕೈಗೊಳ್ಳಲಾಯಿತು, ಗಮನಿಸಲಾಯಿತು. ಮಾಡಿದವರು ಯಾರು ಅಂತ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ನಾನು ಎರಡು ನಿಯಮ ಇಟ್ಟೆ. ಅಡುಗೆಮನೆ, ನಡುಮನೆಯಲ್ಲಿ ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಬರೆಯಿರಿ. ತುಳು ಆಡುವವರು ತುಳುವಿನಲ್ಲೇ ಆಡಿಯೊ ಹಾಕಿದರು, ಮಲಯಾಳಿ ಹುಡುಗಿಯರು ಮಲಯಾಳಂನಲ್ಲಿ. ನನಗೆ ಅರ್ಥವಾಗದ್ದನ್ನು ಅವರೇ ಆಮೇಲೆ ಹೇಳುತ್ತಿದ್ದರು. ಜಗುಲಿಗೆ ಹೋಗುವಾಗ ಇಂಗ್ಲಿಷ್ ಮಾಡಿಕೊಳ್ಳಿ. ಎರಡನೆಯ ನಿಯಮ, "ಲಾಯಿತು" ಕಂಡರೆ ಕೆಂಪು ಗೆರೆ.

ಡಿಜಿಟಲ್ ಅಂದ ತಕ್ಷಣ ಹಾಸಿಗೆ ಪಕ್ಕ ಫೋನ್ ಹಿಡಿದು ನಿಲ್ಲಬೇಕಿಲ್ಲ. ಎಷ್ಟೋ ವಾರ್ಡುಗಳಲ್ಲಿ ವಿದ್ಯಾರ್ಥಿಗಳು ಫೋನ್ ಮುಟ್ಟುವ ಹಾಗೇ ಇಲ್ಲ, ಅದು ಸರಿ ಕೂಡ. ಜೇಬಿನಲ್ಲಿ ಸಣ್ಣ ಚೀಟಿ ಪುಸ್ತಕ. "ಬೆವರು, 58, ತಟ್ಟೆ?" ಅಂತ ಮೂರು ಪದ. ಉಳಿದದ್ದು ರಾತ್ರಿ.

ಬ್ರಿಟನ್ನಿಗೆ ಹೋದವರಿಗೆ ಇದು ಹೊಟ್ಟೆಪಾಡು

ಇದೆಲ್ಲ ಕಾಲೇಜಿನ ಶೋಕಿ ಅಂದುಕೊಳ್ಳುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ ಎನ್‌ಎಂಸಿ (ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್). 2016ರ ಏಪ್ರಿಲ್‌ನಿಂದ ಅಲ್ಲಿ ಪ್ರತಿ 3 ವರ್ಷಕ್ಕೊಮ್ಮೆ ನೋಂದಣಿ ಉಳಿಸಿಕೊಳ್ಳಲು ರೀವ್ಯಾಲಿಡೇಶನ್ ಮಾಡಿಸಬೇಕು. 450 ಗಂಟೆ ಕೆಲಸ ಮಾಡಿರಬೇಕು. 35 ಗಂಟೆ ಮುಂದುವರಿದ ಕಲಿಕೆ ಆಗಿರಬೇಕು, ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದಾಗಿರಬೇಕು. ಕೆಲಸದ ಬಗ್ಗೆ 5 ಅಭಿಪ್ರಾಯ ಪಡೆದಿರಬೇಕು. ಜೊತೆಗೆ 5 ಮೆಲುಕಿನ ಬರಹ ಬರೆದು, ಅವುಗಳ ಬಗ್ಗೆ ಎನ್‌ಎಂಸಿಯಲ್ಲಿ ನೋಂದಾಯಿತರಾದ ಇನ್ನೊಬ್ಬರೊಡನೆ ಕೂತು ಮಾತಾಡಿರಬೇಕು. ಅಲ್ಲಿ ನರ್ಸಿಂಗ್ ಓದುವವರಿಗೆ 2,300 ಗಂಟೆ ತರಗತಿ ಕಲಿಕೆ, 2,300 ಗಂಟೆ ಆಸ್ಪತ್ರೆ ಮತ್ತು ಸಮುದಾಯದ ಕೆಲಸ. ಅದರ ದಾಖಲೆ ಈಗ ಹೆಚ್ಚಾಗಿ ಆನ್‌ಲೈನಿನಲ್ಲೇ.

ಕರ್ನಾಟಕದಲ್ಲಿ ಓದಿ ಅಲ್ಲಿಗೆ ಹೋದ ನರ್ಸ್‌ಗಳು ಬಹಳ ಜನ. ನನ್ನ ಜೊತೆ ಓದಿದ ಒಬ್ಬಳು ಮೊದಲ ರೀವ್ಯಾಲಿಡೇಶನ್ ಬಂದಾಗ ರಾತ್ರಿ ಫೋನ್ ಮಾಡಿದ್ದಳು. "ಐಸಿಯುನಲ್ಲಿ ಹದಿನೈದು ವರ್ಷ ಕೆಲ್ಸ ಮಾಡಿದೀನಿ ಕಣೇ, ನಾನು ಏನು ಕಲ್ತೆ ಅಂತ ಒಂದು ಪುಟ ಬರಿಯೋಕೆ ಆಗ್ತಿಲ್ಲ." ಕೆಲಸ ಬರುತ್ತಿತ್ತು. ಅದನ್ನು ಬಿಡಿಸಿ ಹೇಳುವ ಅಭ್ಯಾಸವನ್ನು ನಮಗೆ ಯಾರೂ ಮಾಡಿಸಿರಲಿಲ್ಲ. ಮಾಡಿಸಿದ್ದು ಸಹಿ ಎಣಿಸುವ ಅಭ್ಯಾಸ. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಬಿಎಸ್‌ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಸೆಮಿಸ್ಟರ್ ಬಂತು, ಕ್ರೆಡಿಟ್ ಬಂತು, ಎಷ್ಟು ಓದಿದೆ ಅನ್ನುವುದಕ್ಕಿಂತ ಏನು ಮಾಡಬಲ್ಲೆ ಅನ್ನುವುದರ ಮೇಲೆ ಒತ್ತು ಬಂತು. ಲಾಗ್‌ಬುಕ್ ಸಾಲುಗಳೂ ಬಂದವು, ಬಿಡಿ.

ಭಯಗಳು, ಸುಳ್ಳು ಭಯಗಳು

ಮೊದಲನೆಯದು ರೋಗಿಯ ಗುಟ್ಟು. ಇದು ನಿಜವಾದ ಭಯ. ಹೆಸರು, ಐಪಿ ನಂಬರ್ (ಒಳರೋಗಿಯ ದಾಖಲೆ ಸಂಖ್ಯೆ) ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಸಣ್ಣ ಊರಿನ ಆಸ್ಪತ್ರೆಯಲ್ಲಿ "ಇಂಥ ಹಳ್ಳಿಯ, ಹಾವು ಕಚ್ಚಿದ, ಪಂಚಾಯ್ತಿ ಸದಸ್ಯರ ಹೆಂಡತಿ" ಅಂದರೆ ಹೆಸರು ಹೇಳಿದಂತೆಯೇ ಅಲ್ವಾ. ಹಳ್ಳಿ ತೆಗೆಯಿರಿ, ತಾರೀಖು ತೆಗೆಯಿರಿ, ವಯಸ್ಸನ್ನು "ಅರವತ್ತು ದಾಟಿದವರು" ಅಂತ ಮಾಡಿ. ಗಾಯದ ಫೋಟೊ ಬೇಡವೇ ಬೇಡ. ಮುಖ ಕಾಣದಿದ್ದರೂ ಬೇಡ. ಕೈ ಮೇಲಿನ ಹಚ್ಚೆ ಸಾಕು ಗುರುತು ಹಿಡಿಯಲು. ಎನ್‌ಎಂಸಿ ಕೂಡ ಬರಹದಲ್ಲಿ ರೋಗಿಯಾಗಲಿ ಸಹೋದ್ಯೋಗಿಯಾಗಲಿ ಗುರುತಾಗಬಾರದು ಅನ್ನುತ್ತದೆ. ಸಹೋದ್ಯೋಗಿಯನ್ನು ನಮ್ಮವರು ಮರೆತೇ ಬಿಡುತ್ತಾರೆ. "ನೈಟ್ ಡ್ಯೂಟಿಯ ಆ ಸಿಟ್ಟಿನ ಸಿಸ್ಟರ್" ಅಂದರೆ ಇಡೀ ಬ್ಯಾಚ್‌ಗೆ ಯಾರು ಅಂತ ಗೊತ್ತು.

ಎರಡನೆಯದು, ತಪ್ಪು ಬರೆದುಕೊಂಡರೆ ಮುಂದೆ ನನಗೇ ಉರುಳಾಗುತ್ತಾ ಅನ್ನೋದು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2011ರಲ್ಲಿ ಆರು ವರ್ಷದ ಹುಡುಗನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ತರಬೇತಿಯಲ್ಲಿದ್ದ ಒಬ್ಬ ವೈದ್ಯೆಗೂ ಒಬ್ಬ ನರ್ಸ್‌ಗೂ 2015ರಲ್ಲಿ ಶಿಕ್ಷೆಯಾಯಿತು. 2018ರ ಜನವರಿಯಲ್ಲಿ ಆ ವೈದ್ಯೆಯ ಹೆಸರನ್ನು ನೋಂದಣಿಯಿಂದಲೇ ತೆಗೆಯಲು ಹೈಕೋರ್ಟ್ ಹೇಳಿತು. ಅದೇ ಆಗಸ್ಟ್‌ನಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. ಆ ವೈದ್ಯೆ ತಮ್ಮ ಇ-ಪೋರ್ಟ್‌ಫೋಲಿಯೊದಲ್ಲಿ ಬರೆದುಕೊಂಡದ್ದನ್ನೇ ಅವರ ವಿರುದ್ಧ ಬಳಸಿದರು ಅನ್ನೋ ಸುದ್ದಿ ಬ್ರಿಟನ್ ತುಂಬಾ ಹಬ್ಬಿತು, ಎಷ್ಟೋ ಜನ ಬರೆಯುವುದನ್ನೇ ನಿಲ್ಲಿಸಿದರು. ಆ ಪೋರ್ಟ್‌ಫೋಲಿಯೊವನ್ನು ಜ್ಯೂರಿ ಮುಂದೆ ಸಾಕ್ಷ್ಯವಾಗಿ ಇಟ್ಟಿರಲಿಲ್ಲ ಅಂತ ಅವರ ಪರ ನಿಂತಿದ್ದ ಸಂಸ್ಥೆಯೇ ಆಮೇಲೆ ಹೇಳಿತು. ಆದರೆ ಭಯಕ್ಕೆ ಸ್ಪಷ್ಟನೆ ಕೇಳುವ ತಾಳ್ಮೆ ಇರುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ರೋಗಿಗೆ ತೊಂದರೆಯಾದರೆ ಮೊದಲು ಸಿಸ್ಟರಿಗೆ ಹೇಳಿ, ಇನ್ಸಿಡೆಂಟ್ ಫಾರ್ಮ್ ತುಂಬಿಸಿ. ಘಟನೆಯ ದಾಖಲೆ ಅಲ್ಲಿ ಇರಬೇಕು. ಪೋರ್ಟ್‌ಫೋಲಿಯೊ ಇರುವುದು ಆ ಘಟನೆ ನಿಮಗೆ ಏನು ಕಲಿಸಿತು ಅನ್ನೋದಕ್ಕೆ. ಒಂದರ ಬದಲು ಇನ್ನೊಂದು ಆಗಬಾರದು.

ಮೂರನೆಯದು ಅಂಕ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಪಾಯ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪ್ರಾಮಾಣಿಕತೆಗೆ ಹತ್ತಕ್ಕೆ ಎಂಟು ಅಂಕ ಕೊಡಲು ಶುರು ಮಾಡಿದ ದಿನವೇ ಅದು ನಾಟಕ ಆಗುತ್ತದೆ. ಒಂದು ಬ್ಯಾಚ್‌ನಲ್ಲಿ ಅಂಕ ಇಟ್ಟು ನೋಡಿದೆ. ಹದಿನಾಲ್ಕು ಬರಹದಲ್ಲಿ ವಿದ್ಯಾರ್ಥಿನಿ ಬಾತ್‌ರೂಮಿಗೆ ಹೋಗಿ ಅತ್ತಿದ್ದಳು! ಸೀನಿಯರ್‌ಗಳು ಹೇಳಿಕೊಟ್ಟಿದ್ದರಂತೆ, ಅತ್ತರೆ ಮೇಡಂ ಮಾರ್ಕ್ಸ್ ಕೊಡ್ತಾರೆ ಅಂತ. ಈಗ ಬರೆದಿದ್ದಾರಾ ಇಲ್ಲವಾ ಅಂತ ಮಾತ್ರ ಗುರುತು. ಸೆಮಿಸ್ಟರ್ ಕೊನೆಗೆ ಅವರೇ ಆರಿಸಿದ ಮೂರು ಬರಹ ಇಟ್ಟುಕೊಂಡು ಹತ್ತು ನಿಮಿಷ ಮಾತಾಡುತ್ತೇವೆ. ಅಂಕ ಏನಿದ್ದರೂ ಆ ಮಾತಿಗೆ.

ಎಐ ಬರೆದುಕೊಟ್ಟ ಬರಹವೂ ಅಲ್ಲೇ ಗೊತ್ತಾಗಿಬಿಡುತ್ತದೆ. ಅದರಲ್ಲಿ ಎಲ್ಲ ಇರುತ್ತದೆ, ವಾರ್ಡಿನ ವಾಸನೆ ಇರುವುದಿಲ್ಲ. ಆ ಹಾಸಿಗೆ ಕಿಟಕಿ ಪಕ್ಕ ಇತ್ತಾ, ಗೋಡೆ ಪಕ್ಕ ಇತ್ತಾ ಅಂತ ಕೇಳಿ ನೋಡಿ.

ಕೊನೆಯದು ಟೀಚರ್‌ಗಳ ಗೋಳು. ಅರವತ್ತು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಐದು ನಿಮಿಷ ಅಂದರೂ ವಾರಕ್ಕೆ ಐದು ಗಂಟೆ. ಯಾರಿಗಿದೆ ಅಷ್ಟು ಹೊತ್ತು? ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ 10 ವಿದ್ಯಾರ್ಥಿಗಳಿಗೆ 1 ಟೀಚರ್ ಇದ್ದರೆ ಐವತ್ತು ನಿಮಿಷದ ಕೆಲಸ. ಹಾಗೆ ಇಲ್ಲದ ಕಡೆ ನಾನು ಮಾಡುವುದು ಹೀಗೆ: ಮೂರು ಮೂರು ಜನರ ಗುಂಪು, ಅವರು ಒಬ್ಬರದ್ದನ್ನೊಬ್ಬರು ಓದಿ ಒಂದೇ ಒಂದು ಪ್ರಶ್ನೆ ಕೇಳಬೇಕು. ನಾನು ವಾರಕ್ಕೆ ಗುಂಪಿನಲ್ಲಿ ಒಬ್ಬರದ್ದನ್ನು ಓದುತ್ತೇನೆ. "ಚೆನ್ನಾಗಿದೆ", "ವೆರಿ ಗುಡ್" ಬರೆಯುವುದಿಲ್ಲ. ಅದು ಸಹಿ ಹಾಕಿದ ಹಾಗೇ. ಪ್ರಶ್ನೆ ಹೊಳೆಯದಿದ್ದರೆ ಖಾಲಿ ಬಿಡುತ್ತೇನೆ.

ಇನ್ಸುಲಿನ್ ಕೊಟ್ಟ ಆ ಹುಡುಗಿ ಎಂಟನೇ ಸೆಮಿಸ್ಟರಿಗೆ, ಇಂಟರ್ನ್‌ಶಿಪ್‌ಗೆ ಬಂದಾಗ, ತನ್ನ ಹಳೇ ಬರಹಗಳಿಂದ ಮೂರನ್ನು ಆರಿಸಬೇಕಿತ್ತು. ಒಂದು ರಾತ್ರಿ ನನ್ನ ಫೋನಿಗೆ ಸೂಚನೆ ಬಂತು. ಎರಡು ವರ್ಷದ ಹಿಂದಿನ ಆ ಮೂರು ಸಾಲಿನ ಪಕ್ಕದಲ್ಲಿ ಅವಳೇ ಒಂದು ಟಿಪ್ಪಣಿ ಹಾಕಿದ್ದಳು.

"ಮೇಡಂ, ಇಲ್ಲಿ ತಿಂಡಿ ತಡವಾಗಿ ಬಂತು ಅಂತ ಬರ್ದಿದೀನಿ. ಈಗ ಅದೇ ವಾರ್ಡಲ್ಲಿ ಇದೀನಿ. ತಿಂಡಿ ಗಾಡಿ ಬರೋದೇ ಎಂಟು ಕಾಲಿಗೆ, ದಿನಾ. ಅವತ್ತೂ ಅಷ್ಟೊತ್ತಿಗೇ ಬಂದಿತ್ತು. ತಡ ಆಗಿದ್ದಲ್ಲ. ನಾನು ಏಳೂ ಹತ್ತಕ್ಕೇ ಕೊಟ್ಟುಬಿಟ್ಟಿದ್ದೆ. ಎಂಟಕ್ಕೆ ಮೇಡಂ ರೌಂಡ್ಸ್‌ಗೆ ಬರ್ತಾರೆ, ಅಷ್ಟ್ರಲ್ಲಿ ಕೆಲಸ ಎಲ್ಲ ಮುಗಿದಿರ್ಬೇಕು ಅಂತ."

ಎಂಟಕ್ಕೆ ರೌಂಡ್ಸ್‌ಗೆ ಬರುತ್ತಿದ್ದ ಮೇಡಂ ನಾನೇ. ಎರಡು ವರ್ಷ "ತಟ್ಟೆ ನೋಡಿದಿರಾ" ಅಂತ ಕೇಳುತ್ತಿದ್ದವಳಿಗೆ ಗಡಿಯಾರ ನೋಡುವುದು ಹೊಳೆದಿರಲಿಲ್ಲ. ಈಗ ಬೆಳಗಿನ ರೌಂಡ್ಸ್ ಅನ್ನು ಒಂಬತ್ತಕ್ಕೆ ಇಟ್ಟುಕೊಂಡಿದ್ದೇನೆ, ತಿಂಡಿ ಗಾಡಿ ವಾಪಸ್ ಹೋದ ಮೇಲೆ.